ಸಾರುವ ಏಟು

ಜೂನ್ 23
ಹೋದ ವರ್ಷ ಪಂಚಾಯ್ತಿಯವರು ಕೊಡುತ್ತೇವೆ ಅಂದದ್ದು: ಹೊಳೆ ಏರಿದರೆ ಕೂಗುವ ಸೈರನ್. ಕೇರಿಯಿಂದ ಮೇಲಿನ ಶಾಲೆಗೆ ಗಟ್ಟಿ ರಸ್ತೆ. ಒಂದು ದೋಣಿ.
ಇವತ್ತಿನ ಸಭೆಯಲ್ಲಿ ಇಲ್ಲ ಅಂದದ್ದು: ಸೈರನ್ — ಮುಂದಿನ ವರ್ಷ ನೋಡೋಣ. ರಸ್ತೆ — ಜಾಗ ಮೇಲಿನ ಬೀದಿಯವರದು, ಬಿಡುವುದಿಲ್ಲ. ದೋಣಿ — ಬೇಕಾದಾಗ ಕೊಳ್ಳೇಗಾಲದಿಂದ ಬರುತ್ತದೆ. ಮುಳುಗಿದ ಮೇಲೆ, ಅಂತ ಅರ್ಥ.
ಪಂಚಾಯ್ತಿ ಅಧ್ಯಕ್ಷ ಮಹದೇವಪ್ರಸಾದ್ ನಗುತ್ತಾ ಹೇಳಿದರು: "ಸೈರನ್ ಯಾಕಮ್ಮ ಗೋವಿಂದಮ್ಮ? ನಿಮ್ ಕೇರೀಲಿ ತಮಟೆ ಇಲ್ವಾ? ಇಂದ್ಲಿಂದ್ಲೂ ಊರ್ಗೆ ಸಾರ್ತಿದ್ದೋನು ನಿಮ್ಮಪ್ಪನೇ ಅಲ್ವಾ?"
"ಸಾರ್ತಿದ್ದ ಅಧ್ಯಕ್ಷರೇ. ಇಷ್ಟಪಟ್ಟಲ್ಲ, ಎದ್ರಕಂಡು" ಅಂದೆ.
ಎಲ್ಲರೂ ಅವರನ್ನು ಒಡೆಯರನ್ನು ಕರೆದ ಹಾಗೆ 'ಬುದ್ಧಿ' ಅನ್ನುತ್ತಾರೆ. ನನ್ನ ನಾಲಿಗೆಯಿಂದ ಆ ಮಾತನ್ನು ನಮ್ಮ ಕೇರಿಯ ಸಂಘ ಕಿತ್ತು ಬಿಸಾಡಿ ಬಹಳ ಕಾಲವಾಯಿತು.
ಪ್ರವಾಹ ಸಮಿತಿಯಲ್ಲಿ ಹೆಂಗಸು ನಾನೊಬ್ಬಳೇ. ಕೇರಿಯವಳೂ ನಾನೊಬ್ಬಳೇ. ಎರಡು ಖಾನೆಗೆ ಒಂದೇ ಹೆಸರು — ಅವರಿಗೆ ಉಳಿತಾಯ. ಟೀ ಬಂತು. ಪಕ್ಕದ ಕುರ್ಚಿ ಕೊನೆವರೆಗೂ ಖಾಲಿ.

ಜೂನ್ 24, ಬೆಳಿಗ್ಗೆ
ಅಣ್ಣ ಶಾಂತರಾಜು ಸಂಘ ಕಟ್ಟಿದಾಗ ಮೊದಲು ನಿಲ್ಲಿಸಿದ್ದೇ ಆ ಸಾರುವುದನ್ನು. ನಮ್ಮ ಸಾವಿಗೆ ನಾವು ಬಾರಿಸುತ್ತೇವೆ. ಮೇಲಿನ ಬೀದಿಯ ಮಾತನ್ನು ಊರಿಗೆ ಸಾರುವ ಏಟು — ಇನ್ನಿಲ್ಲ. ಅಪ್ಪ ಅವತ್ತೇ ಬಿಟ್ಟ. ಸಾಯುವವರೆಗೂ ಮುಟ್ಟಲಿಲ್ಲ.
ಅಣ್ಣ ಈಗ ಹನೂರಿನಲ್ಲಿದ್ದಾನೆ. ಸಂಘ ಅಂದರೆ ಅಲ್ಲಿ ಅವನು, ಇಲ್ಲಿ ನಾನು. ಅಧ್ಯಕ್ಷರ ತಮಟೆ ಮಾತು ಹೇಳೋಣ ಅಂತ ಫೋನ್ ಮಾಡಿದೆ.
"ಲೇ ಗೋವಿ, ಒಂದ್ಸಲ ಬಗ್ಗುದ್ರೆ ಮುಗೀತು. ನಾಳೆ ಅವ್ರ ಅಬ್ಬಕ್ಕೂ ಬಾರ್ಸಾಕೆ ಬಾ ಅಂತರೆ. ಬ್ಯಾಡ."
ಸರಿ ಅಂದೆ. ಇಟ್ಟುಬಿಟ್ಟ. ಉಂಡೆಯಾ ಅಂತ ಕೇಳಲಿಲ್ಲ.

ಜುಲೈ 2
ಯಳಂದೂರಿನಲ್ಲಿ ತರಬೇತಿ. ಯಾವುದೋ ಸಂಸ್ಥೆಯ ಹುಡುಗ. ಪರದೆ ತುಂಬ ಕಡಲು — ಅಲೆ, ತಡೆಗೋಡೆ, ಮೀನಿನ ದೋಣಿ.
"ನಮ್ಗೆ ಕಡ್ಲಿಲ್ಲ ಸಾ, ಕಾವೇರಿ. ಅಲೆ ಒಡಿಯಲ್ಲ. ಸದ್ದೇ ಇಲ್ದಂಗೆ ಬತ್ತದೆ."
"ತತ್ವ ಒಂದೇ ಮೇಡಂ" ಅಂದ.
ಒಂದು ಮಾತು ಮಾತ್ರ ನಾಟಿತು: ಎಚ್ಚರಿಕೆ ಕೊನೆಯ ಮನೆಗೆ ತಲುಪಬೇಕು. ಕೊನೆಯ ಮನೆ ನನ್ನದು. ನನ್ನ ಹಿತ್ತಲಾದ ಮೇಲೆ ಹೊಳೆಯೇ. ನಡುವೆ ಮಾತಾಡಿಸುವವರಿಲ್ಲ.

ಜುಲೈ 11
ಇವತ್ತು ಮಾಕ್ ಡ್ರಿಲ್. ನನಗೆ ಹೇಳಲೇ ಇಲ್ಲ. ಕೇರಿಯ ನಿಂಗರಾಜುವನ್ನು ಹಿಡಿದು ತಮಟೆ ಬಾರಿಸಲು ಹಚ್ಚಿದ್ದಾರೆ. ಅವನಿಗೆ ಬರುವುದು ಸಾವಿನ ಏಟು ಒಂದೇ. ಸಾರುವ ಏಟು ಅವನು ಹುಟ್ಟುವ ಮೊದಲೇ ನಿಂತಿತ್ತಲ್ಲ.
ಜನ ಮೇಲಕ್ಕೆ ಓಡಬೇಕಿತ್ತು. ಊರಿಗೂರೇ ಕೆಳಕ್ಕೆ ಬಂತು! ಹೊಲದಿಂದ, ಮೇಲಿನ ಬೀದಿಯಿಂದ — ಯಾರು ಓಗ್ಬುಟ್ರು, ಯಾರು ಓಗ್ಬುಟ್ರು ಅಂತ. ಒಬ್ಬರ ಕೈಯಲ್ಲಿ ಹಾರ. ಕೇರಿಗೆಲ್ಲ ಹಿರಿಯ ಮಾದಣ್ಣ ತಾತನೇ ಇರಬೇಕೆಂದು ಅವನ ಜಗಲಿಗೆ ಮುತ್ತಿದರು. ತಾತ ಕಣ್ಣುಜ್ಜಿಕೊಂಡು ಹೊರಬಂದ.
"ನಾನಿನ್ನೂ ಇವ್ನಿ ಕಣ್ರಪ್ಪ. ಬಂದಿದ್ದು ಬಂದ್ರಿ, ಕಾಪಿ ಕುಡ್ಕಂಡು ಓಗಿ. ಆರ ಇಲ್ಲೇ ಮಡಗಿ, ಆಮೇಕೆ ಆಯ್ತದೆ."
ನಕ್ಕೂ ನಕ್ಕೂ ಸಾಕಾಯಿತು. ಅಧ್ಯಕ್ಷರು ಆ ಗುಂಪಿನದೇ ಫೋಟೋ ಹೊಡೆಸಿ ತಾಲ್ಲೂಕು ಕಚೇರಿಗೆ ಕಳಿಸಿದರು: ಡ್ರಿಲ್ ಯಶಸ್ವಿ.

ಸಂಜೆ
ನಗು ನಿಂತಿತು. ನಿಜವಾಗಿ ಹೊಳೆ ಬಂದ ದಿನ ಇದೇ ಏಟು ಬಿದ್ದರೆ? ಇಡೀ ಊರು ನೀರಿಗೇ ಇಳಿಯುತ್ತದೆ.
ಆ ಸಾರುವ ಏಟು ಹಾಕಬಲ್ಲವಳು ಈಗ ನಾನೊಬ್ಬಳೇ. ಅದೂ ಅಪ್ಪನದನ್ನು ಕೇಳಿ ಕಿವಿಯಲ್ಲಿ ಉಳಿದದ್ದು, ಕೈಯಲ್ಲಲ್ಲ. ಹೆಣ್ಣು ತಮಟೆ ಮುಟ್ಟುವಂತಿರಲಿಲ್ಲ. ತಟ್ಟೆ ಮಗುಚಿ ಸೌಟಿನಲ್ಲಿ ತಟ್ಟಿ ನೋಡಿದೆ. ಬಂತು... ಮನೆ ತುಂಬ ಅಪ್ಪ ನಡೆದಾಡಿದ ಹಾಗೆ. ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಮನೆ ಇನ್ನಷ್ಟು ಖಾಲಿ.
ಅಣ್ಣನಿಗೆ ಫೋನ್ ಮಾಡಿದೆ. ಎತ್ತಲಿಲ್ಲ.

ಜುಲೈ 30, ಶಾಲೆಯ ಕೋಣೆ
ನಿನ್ನೆ ಮಧ್ಯಾಹ್ನ ಹೊಳೆ ಬಂತು. ಅಣೆಕಟ್ಟೆಯಿಂದ ನೀರು ಬಿಟ್ಟ ಮೆಸೇಜು ಬೆಳಿಗ್ಗೆಯೇ ಅಧ್ಯಕ್ಷರ ಫೋನಿಗೆ ಬಂದಿತ್ತಂತೆ. ಮಳೆಗೆ ಕೇರಿಯಲ್ಲಿ ಸಿಗ್ನಲ್ ಹೋಗಿತ್ತು. ಇಳಿದು ಬಂದು ಹೇಳುವ ಕಾಲೂ ಯಾರಿಗೂ ಇರಲಿಲ್ಲ.
ಹಿತ್ತಲ ಬದನೆಗಿಡದ ಬುಡದಲ್ಲಿ ನೀರು ಕಂಡಿತು. ನಿಂಗರಾಜು ಕೆಲಸಕ್ಕೆ ಹೋಗಿದ್ದ. ಅವನ ಮನೆ ಗೋಡೆಯಿಂದ ತಮಟೆ ಎಳೆದುಕೊಂಡೆ. ಅಣ್ಣ ನೆನಪಾದ. ಆದರೂ ಸಾರುವ ಏಟನ್ನೇ ಬಾರಿಸಿದೆ. ಹೊಳೆಯ ಕಡೆಯಿಂದ ಮೇಲಕ್ಕೆ, ಬಾಗಿಲು ಬಾಗಿಲಿಗೆ. ಎಳೆಯರಿಗೆ ಏಟು ತಿಳಿಯಲಿಲ್ಲ. ಮುದುಕರಿಗೆ ತಿಳಿಯಿತು, ಅವರು ಎಳೆಯರನ್ನು ಎಳೆದುಕೊಂಡು ನಡೆದರು.
ಏನೇ ಬಂದರೂ ಏಳಲ್ಲ ಅನ್ನುತ್ತಿದ್ದ ಮಾದಣ್ಣ ತಾತ ಕಂಬಳಿ ಹೊದ್ದು ಆಗಲೇ ಬಾಗಿಲಲ್ಲಿದ್ದ.
"ನಿಮ್ಮಪ್ಪನ ಏಟು ಕೇಳ್ತು ಕಣವ್ವ. ಅವ್ನು ಸುಮ್ಸುಮ್ಕೆ ಸಾರೋನಲ್ಲ."
ಒಬ್ಬರ ಜೀವವೂ ಹೋಗಲಿಲ್ಲ. ಒಬ್ಬರೂ!
ಶಾಲೆಯ ಬಾಗಿಲಲ್ಲಿ ಅಧ್ಯಕ್ಷರು ಎಲ್ಲರ ಮುಂದೆ: "ನೋಡ್ದಾ ಗೋವಿಂದಮ್ಮ? ಇನ್ಮೇಲೆ ಇದೇ ಯವಸ್ಥೆ!"
ನನ್ನ ಜನಕ್ಕಾಗಿ ಬಾರಿಸಿದ್ದು ಅವರ ಚಾಕರಿಯಾಗಿ ಹೋಯಿತೇ? ಸುತ್ತ ನೂರಾರು ಜನ ಮಲಗಿದ್ದಾರೆ. ಕೇಳೋಣವೆಂದರೆ ಒಬ್ಬರೂ ಇಲ್ಲ.

ಆಗಸ್ಟ್ 4
ನೀರು ಇಳಿಯಿತು. ಒಲೆ ಕರಗಿ ಹೋಗಿದೆ. ಇಡೀ ದಿನ ಕೆಸರು ಬಳಿದೆ. ಅಣ್ಣನೇ ಫೋನ್ ಮಾಡಿದ.
"ಬಾರಿಸ್ದಂತೆ."
"ಊಂ."
"ಯಾರ್ಗೆ?"
"ನಮ್ಗೇ ಕಣಣ್ಣ."
ಅವನ ಕಡೆ ಬಸ್ಸಿನ ಹಾರನ್, ನನ್ನ ಕಡೆ ಹೊಳೆ. ಅವನೂ ಇಡಲಿಲ್ಲ, ನಾನೂ ಇಡಲಿಲ್ಲ. ಚಾರ್ಜ್ ಮುಗಿಯಿತು.

ಆಗಸ್ಟ್ 7
ಸಭೆ. ಸೈರನ್ನಿಗೆ ಗೀಟು ಹೊಡೆದಿದ್ದಾರೆ. ಅದರ ಜಾಗದಲ್ಲಿ — ತಮಟೆ, ಗೋವಿಂದಮ್ಮ, ಕಾಯಂ. ಸಹಿ ಹಾಕಮ್ಮ ಅಂದರು. ಎದ್ದು ನಿಂತೆ.
"ಆಕಲ್ಲ. ಏಟು ಕಲಿಸ್ತೀನಿ, ಊರ್ಗೆಲ್ಲ ಕಲಿಸ್ತೀನಿ. ಕಾಲ್ವೆ ನೀರ್ಗೆ ಪಾಳಿ ಇಲ್ವಾ? ಅಂಗೇ ತಮಟೆಗೂ ಬೀದಿ ಬೀದಿ ಪಾಳಿ. ಮೊದುಲ್ನೇ ಪಾಳಿ ನಿಮ್ ಬೀದೀದು ಅಧ್ಯಕ್ಷರೇ. ಆಗಲ್ಲ ಅಂದ್ರೆ ಸೈರನ್ ಆಕ್ಸಿ."
ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು.
"ತಮಟೇನ... ನಾವು..." ಅಂದು ನಿಲ್ಲಿಸಿದರು.
"ಈಗಿನ ತಮಟೆ ಪ್ಲಾಸ್ಟಿಕ್ಕು ಅಧ್ಯಕ್ಷರೇ. ಚರ್ಮದ್ದಲ್ಲ."
ಯಾರೋ ಕೆಮ್ಮಿದರು. ವಿಷಯವನ್ನು ಮುಂದಿನ ಸಭೆಗೆ ಹಾಕಿದರು.
ಅಣ್ಣನಿಗೆ ಹೇಳಿದ್ದೇನೆ, ಬಾ ಅಂತ. ನೋಡ್ತೀನಿ ಅಂದಿದ್ದಾನೆ. ಬರದಿದ್ದರೆ ಒಬ್ಬಳೇ. ತಮಟೆ ತೆಗೆದುಕೊಂಡು ಹೋಗಿ ಮೇಜಿನ ನಡುವೆ ಇಡುತ್ತೇನೆ. ಮೊದಲು ಯಾವ ಕೈ ಮುಂದೆ ಬರುತ್ತದೋ ನೋಡಿಯೇ ಬಿಡೋಣ. ಮುಂದಿನ ಸಭೆ ಪಂಚಾಯ್ತಿ ಕಟ್ಟಡದಲ್ಲಿ. ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.