ಹೆಡ್‌ಮಾಸ್ಟರರಿಗೆ ಸಿಕ್ಕ ಪರವಾನಗಿ

ಬಲ್ಖಾಶ್
ನವೆಂಬರ್ ೧೪

ಪ್ರೀತಿಯ ಅತ್ತೆಯವರಿಗೆ ಸೊಸೆ ರೌಶನಳ ಸಲಾಮು.

ಪರವಾನಗಿ ಇವತ್ತು ಕೈಗೆ ಬಂತು. ಉಡದಂಥ ನಮ್ಮ ಇಗ್ವಾನಾ ಇನ್ನು ಮನೆಯಲ್ಲೇ ಇರಬಹುದು. ಹೊರದೇಶದ ಪ್ರಾಣಿ ಸಾಕಲು ಮನೆಯ ಯಜಮಾನರ ಒಪ್ಪಿಗೆ ಬೇಕಂತೆ. ಇಲ್ಲದಿದ್ದರೆ ಈ ವಾರವೇ ದೂರದ ಮೃಗಾಲಯಕ್ಕೆ ಒಯ್ಯುತ್ತಿದ್ದರು. ಫ್ಲ್ಯಾಟು ನಿಮ್ಮ ಹೆಸರಿನಲ್ಲಿದೆ. ಕೇಳುವ ಧೈರ್ಯ ಸಾಲದೆ ಮೂರು ವಾರ ಕಳೆದೆ. ಕೊನೆಗೆ ನಿಮ್ಮ ಮಗನೇ ಫೋನು ಮಾಡಬೇಕಾಯಿತು.

ನೀವು ಬರುತ್ತೀರೆಂದು ಎಣಿಸಿರಲಿಲ್ಲ. ಮೊನ್ನೆ ಆ ಚಳಿಯಲ್ಲಿ ಎರಡು ಬಸ್ಸು ಬದಲಿಸಿ ಬಂದಿರಿ. "ಕುದುರೆ ಸಾಕಿದ ಮನೆತನ ನಮ್ದು. ಈಗ ಹಲ್ಲಿ ಸಾಕೋಕೆ ಸರ್ಕಾರದ ಅಪ್ಪಣೆ ಬೇರೆ. ಅದಕ್ಕೊಂದು ಹೆಸರೂ ಇದ್ಯಾ?" ಎಂದಿರಿ. ಹೆಡ್‌ಮಾಸ್ಟರು ಎಂದೆ. ನೀವು ನಗಲಿಲ್ಲ. "ಅದರ ಮೋರೆ ನೋಡೋಕೆ ಬಂದಿಲ್ಲ ನಾನು, ಕಾಗದ ಕೊಡು" ಎಂದು ಗೂಡಿಗೆ ಬೆನ್ನು ಹಾಕಿ ಕೂತು ಸಹಿ ಮಾಡಿದಿರಿ.

ನಿಮ್ಮ ಬೆನ್ನು ನನಗೆ ಹೊಸದಲ್ಲ. ಒಂಬತ್ತು ವರ್ಷದ ಹಿಂದೆ ನನ್ನ ಮದುವೆಯ ಮುಸುಕು ತೆಗೆದಾಗ ನೆಂಟರೆಲ್ಲ ಪದ್ಧತಿಯಂತೆ ಹೊಸ ಸೊಸೆಯ ಮುಖ ನೋಡಿ ಉಡುಗೊರೆ ಕೊಟ್ಟರು. ನೀವು ಮಾತ್ರ ತಲೆನೋವೆಂದು ಒಳಗೆ ಮಲಗಿದಿರಿ. ಮೇಷ್ಟರ ಮಗಳು ನಿಮಗೆ ಬೇಕಿರಲಿಲ್ಲ. ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಇನ್ನೊಂದು ಸುಳ್ಳನ್ನೂ ಒಪ್ಪಿಕೊಳ್ಳುತ್ತೇನೆ. ಪ್ರಾಣಿ ಗೆಳತಿಯದು ಎಂದಿದ್ದೆನಲ್ಲ, ಅದು ನನ್ನಪ್ಪನದು. ಶಾಲೆಯಲ್ಲಿ ಮಕ್ಕಳಿಗೆ ತೋರಿಸಲೆಂದು ಹನ್ನೊಂದು ವರ್ಷ ಸಾಕಿದ್ದರು. ಜೋತುಬಿದ್ದ ಗಲ್ಲ ಥೇಟ್ ತಮ್ಮ ಹೆಡ್‌ಮಾಸ್ಟರರದೇ ಎಂದು ಮಕ್ಕಳೇ ಆ ಹೆಸರಿಟ್ಟರು. ಅಪ್ಪ ಹೋದಮೇಲೆ ಅವರ ದನಿ ಬಲ್ಲ ಜೀವ ನನ್ನ ಜೊತೆ ಇದೊಂದೇ ಉಳಿದಿದೆ. ಅವರ ಹಾಗೆ ಗಂಟಲು ಸರಿಮಾಡಿಕೊಂಡರೆ ಈಗಲೂ ತಲೆ ಎತ್ತುತ್ತದೆ. ಬೀಗರದು ಎಂದರೆ ನೀವು ಸಹಿ ಹಾಕಲಾರಿರಿ ಎಂದು ಹೆದರಿದೆ. ತಪ್ಪಾಯಿತು, ಅತ್ತೆ.

ಚಹಾ ತರುವಷ್ಟರಲ್ಲಿ ನೀವು ಬೂಟು ಹಾಕಿಕೊಂಡಾಗಿತ್ತು. ಶಾಸ್ತ್ರಕ್ಕೆ ರೊಟ್ಟಿಯ ಚೂರೊಂದನ್ನು ಬಾಯಿಗಿಟ್ಟು, "ಬಾಗಿಲು ಹಾಕ್ಕೊಳ್ಳೇ, ಅದಕ್ಕೆ ಚಳಿ ಹಿಡಿಯತ್ತೆ" ಎಂದು ಹೊರಟೇಬಿಟ್ಟಿರಿ. ನಿಮ್ಮಿಂದ ನನ್ನಪ್ಪನ ನೆನಪು ಮನೆಯಲ್ಲೇ ಉಳಿಯಿತು. ಈ ಉಪಕಾರ ನಾನು ಮರೆಯುವವಳಲ್ಲ. ಮುಂದಿನ ಸಲ ಕೂತು ಚಹಾ ಕುಡಿದೇ ಹೋಗಬೇಕು.

ನಿಮ್ಮ ಸೊಸೆ,
ರೌಶನ್

ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಬೆಳಿಗ್ಗೆ ಗೂಡು ಗುಡಿಸುವಾಗ ಹೆಡ್‌ಮಾಸ್ಟರರ ಹೊಟ್ಟೆಯಡಿ ಕರವಸ್ತ್ರದ ಗಂಟು ಸಿಕ್ಕಿತು. ಒಳಗೆ ನಿಮ್ಮ ಬೆಳ್ಳಿ ಉಂಗುರ. ಅಂತೂ ಅದರ ಮೋರೆ ನೋಡಿದ್ದೀರಿ. ಹೊಸ ಮುಖ ಕಂಡವರು ಬರಿಗೈಲಿ ಹೋಗಬಾರದಲ್ಲ. ಅದರ ಬೆರಳಿಗೆ ಉಂಗುರ ತೀರಾ ದೊಡ್ಡದು, ಅತ್ತೆ. ನನ್ನ ಬೆರಳಿಗೆ ಸರಿಯಾಗಿ ಕೂತಿದೆ. ಇನ್ನು ತೆಗೆಯುವುದಿಲ್ಲ.