ಮೋಡ ಮುಚ್ಚಿದ ದಿನದ ಬಿಸಿನೀರು

ಹೊಳಲ್ಕೆರೆ
ಭಾನುವಾರ, ೧೪ ಡಿಸೆಂಬರ್ ೨೦೨೫

ಚಿ. ಸೌ. ಬಿಂದುವಿಗೆ,

ಅಪ್ಪನ ಆಶೀರ್ವಾದ, ಅದಕ್ಕೂ ಮೊದಲು ನಿನ್ನ ಪಾರ್ಸೆಲ್ಲಿಗೆ ರಸೀದಿ. ಮುಟ್ಟಿದೆ. ಫೋನಿನಲ್ಲಿ ನೀನು ಕೇಳುವುದೂ ಅದೊಂದೇ, ‘ಪಾರ್ಸೆಲ್ ಬಂತಾ ಅಪ್ಪಾಜಿ?’ ಬಂತು ಅಂದ ಕೂಡಲೇ ‘ಸರಿ, ಒಲೆ ಮೇಲೆ ಹಾಲಿಟ್ಟಿದೀನಿ’ ಅಂತ ಇಟ್ಟುಬಿಡುತ್ತೀ. ನಿಮ್ಮ ಮನೆಯಲ್ಲಿ ಹಾಲು ಯಾವಾಗಲೂ ಉಕ್ಕುವುದರಲ್ಲೇ ಇರುತ್ತದೆ. ಅದಕ್ಕೇ ಈ ಕಾಗದ. ಕಾಲೇಜಿನಲ್ಲಿ ನಮಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವುದನ್ನು ಕಲಿಸಿದ್ದರು. ‘ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ಟು ಹಿಯರ್ ದಿ ಸೇಮ್’ ಅಂತ ಶುರು ಮಾಡಬೇಕು. ಕ್ವೈಟ್ ಅನ್ನುವುದಕ್ಕೆ ಪೂರ್ತಿ ಅಂತ ಅರ್ಥವೋ ಸುಮಾರಾಗಿ ಅಂತ ಅರ್ಥವೋ ನನಗೆ ಆಗಲೂ ತಿಳಿಯಲಿಲ್ಲ. ಸುಮಾರಾಗಿ ಅಂತಲೇ ಇಟ್ಟುಕೋ.

ನಿಮ್ಮವ್ವ ಹೋಗಿ ವರ್ಷವಾಯಿತು. ಈ ವರ್ಷದಲ್ಲಿ ಹಿರಿಯೂರಿನಿಂದ ನೀನು ಏನೇನು ಕಳಿಸಿದೆ! ಇಂಡಕ್ಷನ್ ಒಲೆ, ಮಂಡಿಗೆ ಕಟ್ಟುವ ಪಟ್ಟಿ, ಕತ್ತಲಾದರೆ ತಾನೇ ಹೊತ್ತಿಕೊಳ್ಳುವ ದೀಪ. ಆ ರಟ್ಟಿನ ಡಬ್ಬಗಳನ್ನು ಎಸೆಯಲು ಮನಸ್ಸಾಗದೆ ನಿನ್ನ ಹಳೇ ಕೋಣೆಯಲ್ಲಿ ಪೇರಿಸಿಟ್ಟಿದ್ದೇನೆ. ಡಬ್ಬಗಳು ಬರುತ್ತವೆ, ನೀನು ಬರುವುದಿಲ್ಲ. ಅವ್ವನ ವರ್ಷದ ದಿನಕ್ಕೂ ಹಾಲೇಶ ಒಬ್ಬನೇ ಬಂದ. ‘ಬಿಂದುಗೆ ಜ್ವರ ಮಾವ’ ಅಂದ. ಹೇಳುವಾಗ ಅಳಿಯದೇವರು ನನ್ನ ಮುಖ ನೋಡದೆ ಕ್ಯಾಲೆಂಡರು ನೋಡುತ್ತಿದ್ದ. ಇರಲಿ, ಅದನ್ನು ಕೆದಕಲು ಕುಳಿತಿಲ್ಲ. ಚೀಲದ ವಿಷಯ ಬರೆಯುತ್ತೇನೆ.

ಈ ಸಲದ್ದು ವಿಚಿತ್ರ ಸಾಮಾನು. ಕಪ್ಪು ಪ್ಲಾಸ್ಟಿಕ್ಕಿನ ದೊಡ್ಡ ಚೀಲ, ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ಸಣ್ಣ ಸಣ್ಣ ತೂತಿನ ಮೂತಿ. ನೀರು ತುಂಬಿಸಿ ಬಿಸಿಲಿಗೆ ಮಲಗಿಸುವುದು, ಕಾದ ಮೇಲೆ ಮರಕ್ಕೆ ನೇತುಹಾಕಿ ಕೆಳಗೆ ನಿಲ್ಲುವುದು. ಡಬ್ಬದ ಮೇಲಿನ ಇಂಗ್ಲಿಷನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ‘ಡೈರೆಕ್ಟ್ ಸನ್‌ಲೈಟ್’ ಅಂತ ಮೂರು ಕಡೆ ಬರೆದಿದ್ದಾರೆ. ಸೂರ್ಯನಿಲ್ಲದಿದ್ದರೆ ಏನು ಮಾಡಬೇಕೆಂದು ಎಲ್ಲೂ ಬರೆದಿಲ್ಲ. ನಾನು ಕ್ಯಾಂಪಿಗೆ ಹೋಗುತ್ತೇನೆ, ತಣ್ಣೀರು ಮೈಮೇಲೆ ಬಿದ್ದರೆ ನನಗೆ ಉಬ್ಬಸ ಏಳುತ್ತದೆ ಅಂತ ಹಾಲೇಶನಿಂದ ಕೇಳಿ ತರಿಸಿದ್ದೀಯ. ಅಷ್ಟು ದೂರದಿಂದ ಅಷ್ಟು ಯೋಚನೆ ಮಾಡುವವಳು, ಹೋಗಲಿ ಬಿಡು.

ಕ್ಯಾಂಪು ಪಾಲಣ್ಣನ ಕಿತಾಪತಿ. ನಿಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ರಿಟೈರಾದರೂ ಕೊರಳಿನ ಸೀಟಿ ತೆಗೆದಿಲ್ಲ. ನಮ್ಮ ವಾಕಿಂಗ್ ಬಳಗವನ್ನು ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿಗೆ ಕರೆದೊಯ್ದು ಟೆಂಟಿನಲ್ಲಿ ಮಲಗಿಸಬೇಕೆಂದು ಅವನ ಹಟ. ನಾನು ಸುಸ್ತು, ಬರುವುದಿಲ್ಲ ಅಂದೆ. ‘ಮನ್ಯಾಗೆ ಕುಂತು ಯಾವ ಗುಡ್ಡ ಕಡೀತೀಯಲೇ ಸುಸ್ತಾಗಾಕೆ?’ ಅಂತ ಕೇಳಿ ಹೆಸರು ಬರೆದುಕೊಂಡ. ಕೇಳಿದ್ದು ಸರಿಯೇ. ಏನೂ ಮಾಡದವನಿಗೆ ಇಷ್ಟು ದಣಿವು ಎಲ್ಲಿಂದ ಬರುತ್ತದೋ. ಬೆಳಿಗ್ಗೆ ಕಣ್ಣು ಬಿಡುವ ಹೊತ್ತಿಗೇ ಸಂಜೆಯ ಆಯಾಸ ಬಂದು ಮಂಚದ ತುದಿಯಲ್ಲಿ ಕುಳಿತಿರುತ್ತದೆ.

ನಾವು ಇಳಿದದ್ದು ಹೊಸದುರ್ಗದ ಕಡೆಯ ದಡದಲ್ಲಿ. ನೀರು ಹೊಲದಂಚಿನವರೆಗೆ ಬಂದು ನಿಂತಿತ್ತು. ಮುಳುಗಿದ ಜಾಲಿಗಿಡಗಳ ತಲೆ ಮಾತ್ರ ಮೇಲೆ, ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತ ಕುಳಿತಿದ್ದವು. ದೂರದ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಲೇ ಇದ್ದವು, ನೋಡಿದರೇ ನನಗೆ ಆಯಾಸ.

ಬೆಳಿಗ್ಗೆ ಎದ್ದರೆ ಮೈ ಕೊರೆಯುವ ಚಳಿ. ನಮ್ಮ ಪೈಕಿಯ ಹಿರಿಯರು ಹಿನ್ನೀರಿನಲ್ಲೇ ಮುಳುಗೆದ್ದು, ವಿಭೂತಿ ಧರಿಸಿ, ಬಂಡೆಯ ಮೇಲೆ ಸಾಲಾಗಿ ಲಿಂಗಪೂಜೆಗೆ ಕುಳಿತರು. ಸ್ನಾನ, ಪೂಜೆ ಆಗದೆ ಬಾಯಿಗೆ ಏನೂ ಹಾಕುವವರಲ್ಲ. ಒಬ್ಬೊಬ್ಬರೂ ಕೊರಳಿನ ಬೆಳ್ಳಿ ಕರಡಿಗೆ ತೆರೆದು ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡರು. ನನಗೂ ಜಾಗ ಬಿಟ್ಟು ‘ಬರ್ರಿ ನಾಗರಾಜಪ್ಪರೇ, ಕುಂತ್ಕಳ್ರಿ’ ಅಂದರು. ತಣ್ಣೀರು ನನಗಾಗದು, ಮಗಳು ಚೀಲ ಕಳಿಸಿದ್ದಾಳೆ, ನೀರು ಬಿಸಿಯಾದ ಮೇಲೆ ಮಿಂದು ನನ್ನ ಪಾಡಿಗೆ ನಾನು ಕೂರುತ್ತೇನೆ ಅಂದೆ. ಅತ್ತ ಪಾಲಣ್ಣ ಮೂರು ಕಲ್ಲಿನ ಒಲೆಯ ಮೇಲೆ ಮಂಡಕ್ಕಿ ಒಗ್ಗರಣೆ ಹಾಕಿ ಮೆಣಸಿನಕಾಯಿ ಕರಿಯುತ್ತಿದ್ದ. ಅವನಿಗೆ ಇಂಥ ಕಟ್ಟುಪಾಡಿಲ್ಲ. ‘ಸೂರ್ಯ ನಿಮ್ ಕಡೆಯೋನಾದ್ರೂ ಮಂಡಕ್ಕಿ ನಮ್ ಕಡೇದಪ್ಪ’ ಅಂತ ನನಗೆ ಕೇಳುವ ಹಾಗೆ ಕರಕರ ಅಗಿದ.

ಅವತ್ತು ಬಿಸಿಲು ಚೆನ್ನಾಗಿತ್ತು. ಚೀಲವನ್ನು ಬಂಡೆಯ ಮೇಲೆ ಮಲಗಿಸಿ ಮಗು ಕಾಯುವವನ ಹಾಗೆ ಪಕ್ಕದಲ್ಲಿ ಕುಳಿತೆ. ರೇಷ್ಮೆ ಇಲಾಖೆಯಲ್ಲಿ ಹುಳುಮನೆಯ ಕಾವು ನೋಡಿಯೇ ಸಂಬಳ ತಿಂದವನು ನಾನು, ಆದರೂ ಗಳಿಗೆಗೊಮ್ಮೆ ಕೈಯಿಟ್ಟು ನೋಡುತ್ತಿದ್ದೆ. ಮಿಕ್ಕವರು ಗುಡ್ಡ ಹತ್ತಲು ಹೋದ ಮೇಲೆ ಚೀಲವನ್ನು ಹೊಂಗೆಮರಕ್ಕೆ ನೇತುಹಾಕಿ, ನಿಮ್ಮವ್ವನ ಹಳೇ ಸೀರೆ ಮರೆಕಟ್ಟಿ, ಕೆಳಗೆ ನಿಂತೆ. ಮೊದಲು ಬಂದದ್ದು ಕೊಳವೆಯಲ್ಲಿ ನಿಂತಿದ್ದ ತಣ್ಣೀರು, ಜೀವ ಹಾರಿಹೋಯಿತು. ಆಮೇಲೆ ಬಿಸಿ. ಪ್ಲಾಸ್ಟಿಕ್ಕಿನ ವಾಸನೆಯಿತ್ತು, ಆದರೂ ಬಿಸಿ. ನೆತ್ತಿಯ ಮೇಲೆ, ಬೆನ್ನಿನ ಮೇಲೆ, ಯಾರೋ ಚೆಂಬಿನಲ್ಲಿ ಅವಸರವಿಲ್ಲದೆ ಹೊಯ್ಯುತ್ತಿರುವ ಹಾಗೆ. ಕಾಲೇಜಿನಲ್ಲಿ ‘ಲ್ಯೂಕ್‌ವಾರ್ಮ್’ ಅಂತ ಒಂದು ಪದಕ್ಕೆ ಉಗುರುಬೆಚ್ಚಗೆ ಅಂತ ಅರ್ಥ ಬರೆಸಿದ್ದರು. ಇದು ಅದಕ್ಕಿಂತ ಒಂದು ಹದ ಮೇಲೆ. ನಿಮ್ಮವ್ವ ಹಂಡೆಗೆ ಬೆರಳದ್ದಿ ನೋಡಿ ‘ಬರ್ರಿ, ಆರೋಗ್ತತೆ’ ಅಂತ ಕೂಗುತ್ತಿದ್ದಳಲ್ಲ, ಆ ಹದ. ನೀರು ಮುಗಿದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಆ ನೀರಿಗಾಗಿ ನಿನಗೆ ಥ್ಯಾಂಕ್ಸ್ ಬರೆಯಬೇಕೆಂದೇ ಈ ಕಾಗದ ಹಿಡಿದದ್ದು. ನಂಬು.

ಅವರು ಇಳಿದು ಬಂದು ‘ಪೂಜೆ ಆಯ್ತೇನ್ರಿ?’ ಅಂತ ಕೇಳಿದರು. ಆಯ್ತು ಅಂದು ಊಟಕ್ಕೆ ಕುಳಿತೆ.

ಮಾರನೇ ದಿನ ಮೋಡ. ಹಿನ್ನೀರು, ಆಕಾಶ, ಚೀಲ ಎಲ್ಲ ಒಂದೇ ಬಣ್ಣ. ಬಂಡೆಯವರು ಪೂಜೆ ಮುಗಿಸಿ ತಿಂಡಿ ತಿಂದರು. ನಾನು ಚೀಲದ ಪಕ್ಕ ಕುಳಿತೇ ಇದ್ದೆ. ಮುಟ್ಟಿದರೆ ಕಪ್ಪೆಯ ಹೊಟ್ಟೆಯ ಹಾಗೆ ತಣ್ಣಗಿತ್ತು. ಪಾಲಣ್ಣ ಬಂದು ‘ಒಲೆ ಉರೀತಾನೇ ಐತೆ, ಒಂದು ಪಾತ್ರೆ ನೀರು ಕಾಸ್ಕೊಡ್ತೀನಿ ಏಳು’ ಅಂದ. ಬೇಡ ಅಂದೆ. ‘ಯಾಕೆ, ಒಲೆ ನೀರು ಕಚ್ತತೇನು?’ ಅಂದ. ಮಗಳು ಕಳಿಸಿದ ಚೀಲದ ನೀರೇ ಆಗಬೇಕು ಅಂದೆ. ‘ಲೇ, ಸೂರ್ಯನೇ ರಜಾ ಹಾಕ್ಯಾನೆ, ನಿನ್ನ ಮಗಳ ಚೀಲ ಏನ್ ಮಾಡ್ತತೆ? ಸಕ್ಕರೆ ಕಾಯಿಲೆಯೋನು, ಒಂದು ಹಿಡಿ ತಿನ್ನಾದ್ರೂ ತಿನ್ನು.’ ಪೂಜೆಯಾಗದೆ ತಿನ್ನುವುದಿಲ್ಲ ಅಂದೆ. ಅದನ್ನು ಕೇಳಿದ ಹಿರಿಯರು ತಲೆದೂಗಿ ‘ನಿಷ್ಠೆ ಅಂದ್ರೆ ಇದು ನೋಡ್ರಿ’ ಅಂದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅದು ಮಾತ್ರ ಮುಳ್ಳಿನ ಹಾಗೆ ಹೊಕ್ಕಿತು.

ಸಕ್ಕರೆ ಮಾತ್ರೆಯನ್ನು ಅಭ್ಯಾಸಬಲದಿಂದ ಬೆಳಿಗ್ಗೆಯೇ ನುಂಗಿದ್ದೆ, ಬರೀ ಹೊಟ್ಟೆಯಲ್ಲಿ. ಮಧ್ಯಾಹ್ನ ಸ್ವಲ್ಪ ತಲೆಸುತ್ತು ಬಂತು. ಬೆಲ್ಲದ ನೀರು ಕುಡಿದೆ, ಸರಿಹೋಯಿತು. ದಟ್ಸ್ ಆಲ್.

ಇಷ್ಟಕ್ಕೇ ಮುಗಿಸಿ ಅಂಟು ಹಚ್ಚೋಣ ಅಂತಿದ್ದೆ. ಎದ್ದು ಹೋಗಿ ಟೀ ಕಾಸಿ ಕುಡಿದು ಮತ್ತೆ ಬಂದು ಕುಳಿತಿದ್ದೇನೆ. ಸ್ವಲ್ಪ ತಲೆಸುತ್ತಲ್ಲ ಮಗಳೇ. ಚೀಲ ಮುಟ್ಟಿ ನೋಡಲು ಎದ್ದವನು ಮುಗ್ಗರಿಸಿ ಬಿದ್ದೆ, ಎಚ್ಚರವೇ ಇರಲಿಲ್ಲ. ಆಮೇಲಿನದು ಪಾಲಣ್ಣ ಹೇಳಿದ್ದು.

ನಾನು ಹೊರಟೇಬಿಟ್ಟೆ ಅಂತ ಅವನು ತಿಳಿದನಂತೆ. ಮಿಕ್ಕವರೆಲ್ಲ ನೀರಿನ ಕಡೆ ಇದ್ದರು. ಅವನು ನಮ್ಮ ಜಾತಿಯವನಲ್ಲ, ಆದರೂ ನಮ್ಮವರ ಮಣ್ಣಿಗೆ ಎಷ್ಟೋ ಸಲ ಬಂದವನು. ಹೋಗುವವರ ಅಂಗೈಯಲ್ಲಿ ಲಿಂಗ ಇರಬೇಕು, ಅದರೊಂದಿಗೇ ಮಣ್ಣು ಮಾಡುತ್ತಾರೆ ಅಂತ ಅವನಿಗೆ ಗೊತ್ತು. ‘ನಾನು ಮುಟ್ಟಬೌದೋ ಮುಟ್ಟಬಾರ್ದೋ ಅಂತ ಒಂದ್ ಗಳಿಗೆ ಯೋಚ್ನೆ ಬಂತಪ್ಪ. ಹೋಗೋನಿಗೆ ಎಂಥ ಮಡಿ ಅಂತ ಬಿಚ್ಚೇಬಿಟ್ಟೆ’ ಅಂದ. ನನ್ನ ಕೊರಳಿನ ಕರಡಿಗೆ ತೆರೆದ. ಒಳಗೆ ಏನೂ ಇರಲಿಲ್ಲ.

ನಾನು ಕಣ್ಣು ಬಿಟ್ಟಾಗ ಅವನು ಒಂದು ಕೈಯಲ್ಲಿ ಬೆಲ್ಲದ ನೀರು, ಇನ್ನೊಂದರಲ್ಲಿ ಖಾಲಿ ಕರಡಿಗೆ ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದ. ಹೇಗಿದ್ದೀಯ ಅಂತ ಕೇಳಲಿಲ್ಲ. ‘ನಿನ್ ದೇವ್ರು ಎಲ್ಲೋ?’ ಅಂದ. ಸೀಟಿ ಊದುವವನ ದನಿ ಅಷ್ಟು ಮೆತ್ತಗಾಗುತ್ತದೆಂದು ನನಗೆ ತಿಳಿದಿರಲಿಲ್ಲ. ‘ಅವಳ ಹತ್ರ ಐತೆ’ ಅಂದೆ. ಅವನು ಕರಡಿಗೆ ಮುಚ್ಚಿ ನನ್ನ ಕೊರಳಿಗೆ ಹಾಕಿದ. ಉಳಿದವರು ಓಡಿ ಬಂದಾಗ ‘ಏನಿಲ್ರಿ, ಶುಗರ್ ಡೌನ್’ ಅಂದ.

ಅವನಿಗೆ ಅಷ್ಟು ಸಾಕಾಯಿತು, ನಿನಗೆ ಸಾಲದು. ಹೋದ ವರ್ಷ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವ್ವನನ್ನು ಸ್ಕ್ಯಾನಿಂಗಿಗೆ ಒಳಗೆ ಕರೆಯುವಾಗ ಮೈಮೇಲೆ ಲೋಹ ಇರಬಾರದು ಅಂದರು. ನಿಮ್ಮವ್ವನ ಕರಡಿಗೆಯನ್ನು ಲಿಂಗದ ಸಮೇತ ನೀನು ಬಿಚ್ಚಿಕೊಂಡೆ, ಕರ್ಚೀಫಿನಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡೆ. ಸಂಜೆ ನೋಡಿದರೆ ಇಲ್ಲ. ಮೆಟ್ಟಿಲು, ಆಟೋ ಸ್ಟ್ಯಾಂಡು, ಕಸದ ಬುಟ್ಟಿ ಎಲ್ಲ ಕಡೆ ನೀನು ಹುಡುಕುತ್ತಿದ್ದದ್ದು ನನ್ನ ಕಣ್ಣಿನಲ್ಲಿದೆ. ಅದೇ ವಾರ ಅವಳು ಹೋದಳು. ನೀನು ನನ್ನ ತೋಳು ಹಿಡಿದು ‘ಅವ್ವನ್ನ ಬರಿಗೈಲಿ ಕಳಿಸ್ಬೇಡ್ರಿ ಅಪ್ಪಾಜಿ’ ಅಂದೆ. ‘ಸಿಕ್ಕೈತೆ ಬಿಡು, ನರ್ಸು ತಂದ್ಕೊಟ್ಲು’ ಅಂದೆ ನಾನು. ಸಿಕ್ಕಿರಲಿಲ್ಲ.

ಹೆಂಗಸರೆಲ್ಲ ದೂರ ನಿಂತಿದ್ದಿರಿ, ನೀನು ನೋಡಲಿಲ್ಲ. ಕುಣಿಯಲ್ಲಿ ಅವಳನ್ನು ಕೂರಿಸಿ, ಶಾಸ್ತ್ರಕ್ಕೆ ಬಂದಿದ್ದ ಅಯ್ನೋರು ಲಿಂಗ ಎಲ್ಲಿ ಅಂದಾಗ, ನಾನು ಅಂಗಿಯೊಳಗೆ ಕೈ ಹಾಕಿ ನನ್ನದನ್ನು ತೆಗೆದು, ಅವಳದೇ ಅನ್ನುವ ಹಾಗೆ, ಅವಳ ಎಡಗೈಯಲ್ಲಿ ಇಟ್ಟೆ. ಬೆರಳುಗಳನ್ನು ನಾನೇ ಮಡಚಿದೆ. ಮದುವೆಯಾದಂದಿನಿಂದ ನಾನು ಏನು ತಂದುಕೊಟ್ಟರೂ ‘ಇದ್ನೆಲ್ಲ ಯಾಕ್ ತರಾಕೋದ್ರಿ’ ಅನ್ನುತ್ತಿದ್ದವಳು. ಏನೂ ಅನ್ನದೆ ತೆಗೆದುಕೊಂಡದ್ದು ಅದೊಂದೇ.

ಅಯ್ನೋರ ಹತ್ತಿರ ಹೋಗಿ ಹೊಸದು ಪಡೆಯಬಹುದಿತ್ತು. ಹಳೆಯದೇನಾಯಿತು ಅಂತ ಕೇಳುತ್ತಾರೆ, ಹೇಳಿದರೆ ನಿನ್ನ ಹೆಸರು ಬರುತ್ತದೆ. ನಾಳೆ ಹೋಗೋಣ, ನಾಡಿದ್ದು ಹೋಗೋಣ ಅಂತ ವರ್ಷ ಸವೆಯಿತು. ಮನೆಯಲ್ಲಿ ನಾನು ಪೂಜೆ ಮಾಡಿದೆನೋ ಬಿಟ್ಟೆನೋ ನೋಡುವವರಿಲ್ಲ. ಆ ಬಂಡೆಯ ಮೇಲೆ ಎಲ್ಲರೂ ಇದ್ದರು. ನಿನ್ನ ಚೀಲ ನನಗೆ ಸ್ನಾನಕ್ಕಿಂತ ಹೆಚ್ಚಾಗಿ ನೆಪಕ್ಕೆ ಒದಗಿತು.

ನಿಮ್ಮವ್ವ ಬರಿಗೈಲಿ ಹೋಗಲಿಲ್ಲ ಮಗಳೇ. ಇಷ್ಟು ಹೇಳಲು ಹೊಸದುರ್ಗದವರೆಗೆ ಸುತ್ತು ಹಾಕಿದೆ. ಕೈ ನೋಯುತ್ತಿದೆ. ಆಫೀಸಿನಲ್ಲಿ ಯುವರ್ಸ್ ಒಬೀಡಿಯೆಂಟ್‌ಲಿ ಅಂತ ಬರೆದು ಮುಗಿಸುತ್ತಿದ್ದೆ. ಮಗಳಿಗೆ ಏನು ಬರೆದು ಮುಗಿಸಬೇಕೆಂದು ಕಾಲೇಜಿನಲ್ಲಿ ಹೇಳಿಕೊಡಲಿಲ್ಲ.

ನಿನ್ನ ಅಪ್ಪಾಜಿ,
ನಾಗರಾಜಪ್ಪ

ತಾ. ಕ.: ಹಾಲೇಶನನ್ನು ಬೈಯಬೇಡ. ಪಾಲಣ್ಣ ಫೋನ್ ಮಾಡಿದ್ದರಿಂದ ನನ್ನನ್ನು ಕ್ಯಾಂಪಿನಿಂದ ಮನೆಗೆ ತಂದು ಬಿಟ್ಟವನು ಅವನೇ. ನಾನು ಬಿದ್ದದ್ದನ್ನು ನಿನಗೆ ಹೇಳಕೂಡದೆಂದು ನಾನೇ ಆಣೆ ಹಾಕಿಸಿದ್ದೆ. ಹೆದರಿದ್ದ ಪಾಪ, ದಾರಿಯಲ್ಲಿ ನಿನ್ನ ವಿಷಯವನ್ನೆಲ್ಲ ನನಗೆ ಹೇಳಿಬಿಟ್ಟ. ಅವ್ವ ಹೋಗಿ ತಿಂಗಳು ಕಳೆದ ಮೇಲೆ ಆ ಕರ್ಚೀಫಿನ ಗಂಟು ಬ್ಯಾಗಿನ ಹರಿದ ಒಳಬಟ್ಟೆಯ ಸಂದಿಯಲ್ಲಿ ನಿನಗೆ ಸಿಕ್ಕಿತಂತೆ. ಅಪ್ಪ ಸುಳ್ಳು ಹೇಳಿದ, ಅವ್ವ ಬರಿಗೈಲೇ ಹೋದಳು, ಅದಕ್ಕೆ ತಾನೇ ಕಾರಣ ಅಂತ ಅಂದಿನಿಂದ ನೀನು ಈ ಮೆಟ್ಟಿಲು ಹತ್ತಿಲ್ಲವಂ‌ತೆ. ಬೀರುವಿನಲ್ಲಿ ನಿನ್ನ ಮದುವೆ ಸೀರೆಯ ಕೆಳಗೆ ಇಟ್ಟಿದ್ದೀಯಂತೆ. ಅದನ್ನು ತೆಗೆದುಕೊಂಡು ಬಾ. ನಿನ್ನೆ ಅಯ್ನೋರ ಹತ್ತಿರ ಹೋಗಿ ಎಲ್ಲ ಒಪ್ಪಿಸಿದೆ. ಒಬ್ಬರದನ್ನು ಇನ್ನೊಬ್ಬರು ಧರಿಸಬಹುದೇ ಅಂತಲೂ ಕೇಳಿದೆ. ‘ಮೊದ್ಲು ಮಗಳ ಕೈಲಿ ತರಿಸ್ರಿ, ಆಮೇಲೆ ನೋಡಾಣ’ ಅಂದರು. ಪಾರ್ಸೆಲ್ ಮಾಡಬೇಡ. ನಿನ್ನ ಸ್ನಾನಕ್ಕೆ ಚೀಲ ತುಂಬಿಸಿ ತಾರಸಿಯ ಮೇಲೆ ಇಟ್ಟಿರುತ್ತೇನೆ. ಮೋಡ ಇದ್ದರೂ ಬಾ, ಒಲೆಯ ಮೇಲೆ ಕಾಸುತ್ತೇನೆ.