ಗಂಟಿನ ಜಾತಕ

ಚೆಂಬೂರು, ಮುಂಬಯಿ
೨೩ ನವೆಂಬರ್ ೧೯೯೧

ಪ್ರೀತಿಯ ಮೈದುನ ಶಾಮಣ್ಣನಿಗೆ,

ನಿನಗೂ ಮೈಸೂರಿನ ಮನೆಮಂದಿಗೂ ಅತ್ತಿಗೆಯ ಆಶೀರ್ವಾದ. ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಸೀಸೆಯನ್ನು ಗೂಡಿನಲ್ಲಿಟ್ಟು ನೋಡುತ್ತಾ ಕೂತಿದ್ದೀಯೋ? ನಿನ್ನ ಸೋಮಾರಿತನ ನನಗೆ ಗೊತ್ತಿಲ್ಲದ್ದೇ! ನಿಮ್ಮಣ್ಣನ ಗಾಯ ಮಾಗಿದೆ. ಗಂಟಿನ ಜೊತೆ ನಾಲಿಗೆಯ ಅಂಚನ್ನೂ ಒಂದು ಚೂರು ತೆಗೆದಿದ್ದರಿಂದ ಮಾತು ಸ್ವಲ್ಪ ತೊದಲುತ್ತದೆ. ಆದರೂ ಮಜ್ಜಿಗೆ ಹುಳಿಗೆ ಉಪ್ಪು ಸಾಲದು ಎನ್ನುವಷ್ಟು ಧಾರಾಳವಾಗಿ ಬರುತ್ತಿದೆ. ಕಾರ್ಖಾನೆಯಿಂದ ಇನ್ನೂ ರಜೆಯಲ್ಲಿದ್ದಾರೆ. ಸಂಜೆಯಾದರೆ ಕಾಲೋನಿಯವರು ಮೊದಲಿನಂತೆಯೇ ಮಕ್ಕಳ ಜಾತಕ ಹಿಡಿದು ಇವರಿಗೆ ತೋರಿಸಲು ಬರುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಆಪರೇಷನ್ ಮಾಡಿದಾಗ ಗಂಟಿನ ಒಂದು ತುಣುಕನ್ನು ಸಂಶೋಧನೆಯವರು ಇವರ ಒಪ್ಪಿಗೆ ಪಡೆದು ಇಟ್ಟುಕೊಂಡಿದ್ದರು. ಅದರೊಳಗಿನ ಯಾವುದೋ ಒಂದು ಜೀನನ್ನು ನೋಡಿ, ಕ್ಯಾನ್ಸರ್ ಮತ್ತೆ ಬರುತ್ತದೋ ಇಲ್ಲವೋ ಊಹಿಸಬಹುದೇ ಎಂದು ಪರೀಕ್ಷಿಸುತ್ತಿದ್ದಾರಂತೆ. ರೋಗಿಗಳಿಗೆ ಅದನ್ನು ಹೇಳುವ ಪದ್ಧತಿಯಿಲ್ಲ. ನಾನು ಬಿಡುತ್ತೇನೆಯೇ? ಮೊನ್ನೆ ಆಸ್ಪತ್ರೆಯಲ್ಲಿ ಇವರು ತಪಾಸಣೆಗೆ ಒಳಗೆ ಹೋದಾಗ ಆ ಸಂಶೋಧನೆಯ ಡಾಕ್ಟರಮ್ಮನ ಬೆನ್ನು ಬಿದ್ದೆ. ಪಾಪ, ಚಿಕ್ಕ ವಯಸ್ಸು, ನನ್ನ ಹರಕು ಹಿಂದಿಗೆ ಸೋತು ಕೊನೆಗೆ ಹೇಳಿದಳು. ಜೀವಕಣಗಳು ಮಿತಿಮೀರಿ ಬೆಳೆಯದಂತೆ ತಡೆಯುವ ಜೀನ್ ಅದು, ಇವರ ಗಂಟಿನಲ್ಲಿ ಕೆಟ್ಟಿದೆ. ಅಂಥವರಲ್ಲಿ ಕಾಯಿಲೆ ಮರಳುವುದು ಹೆಚ್ಚೆಂದು ಕಾಣುತ್ತಿದೆ, ಆದರೆ ಅಧ್ಯಯನ ಮುಗಿದಿಲ್ಲ, ಎಲ್ಲರಿಗೂ ಹಾಗಾಗುವುದಿಲ್ಲ ಎಂದಳು. ಮರಳಿದರೆ ನಾಲಿಗೆಯನ್ನು ಪೂರ್ತಿ ತೆಗೆಯಬೇಕಾದೀತಂತೆ. ಹುಟ್ಟಿನಿಂದ ಬಂದ ದೋಷವಲ್ಲ, ಆದ್ದರಿಂದ ನಮ್ಮ ಮಗಳು ವಿಮಲಾಗಾಗಲಿ ನಿನಗಾಗಲಿ ಅದರ ಭಯವಿಲ್ಲ. ಹಾಗೆಂದು ನೀನು ಹೊಗೆಸೊಪ್ಪಿನ ಕಡ್ಡಿಪುಡಿ ಅಗಿಯುತ್ತಾ ಕೂತರೆ ನಾನು ಸುಮ್ಮನಿರುವುದಿಲ್ಲ. ಆ ಡಬ್ಬಿ ಇವತ್ತೇ ಹೊರಗೆ ಹೋಗಬೇಕು.

ಇವರಿಗೆ ಹೇಳಬಾರದೆಂದು ನಿಶ್ಚಯಿಸಿಕೊಂಡೆ. ನಿಮ್ಮಣ್ಣನ ಕ್ರಮ ನಿನಗೆ ಗೊತ್ತಲ್ಲ, ಜಾತಕದಲ್ಲಿ ಆಯಸ್ಸು ಕಡಿಮೆ ಕಂಡರೆ ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಗಾಬರಿಯಾಗುವಂಥದ್ದೇನಿಲ್ಲ, ಶನಿವಾರ ಎಳ್ಳುದೀಪ ಹಚ್ಚಿ, ಶುಭಕಾರ್ಯವಿದ್ದರೆ ಬೇಗ ಮುಗಿಸಿಬಿಡಿ ಎಂದು ನಗುತ್ತಾ ಕಳಿಸುತ್ತಾರೆ. ಬಂದವರು ಖುಷಿಯಾಗಿ ಹೋಗುತ್ತಾರೆ. ಆ ಮಾತಿನ ಅರ್ಥ ಗೊತ್ತಿರುವುದು ಮನೆಯಲ್ಲಿ ನನಗೊಬ್ಬಳಿಗೆ. ಕುರ್ಲಾದಲ್ಲಿ ಲೋಕಲ್ ಬದಲಿಸುವಾಗ, ಡಾಕ್ಟರಮ್ಮ ಏನಂದಳು ಎಂದು ಇವರು ಕೇಳಿದರು. ಗಾಬರಿಯಾಗುವಂಥದ್ದೇನಿಲ್ಲ, ತಿಂಗಳಿಗೊಮ್ಮೆ ತೋರಿಸಬೇಕಂತೆ ಎಂದೆ. ಅಷ್ಟಕ್ಕೇ ನಿಲ್ಲಬಾರದಿತ್ತೇ ಈ ಬಾಯಿ? ವಿಮಲಾಳ ಮದುವೆಯನ್ನು ಬೇಗ ಮುಗಿಸಿಬಿಡೋಣ ಎಂದೂ ಸೇರಿಸಿದೆ. ಇವರು ಪ್ಲಾಟ್‌ಫಾರ್ಮಿನ ಮೇಲೆ ಹಾಗೇ ನಿಂತುಬಿಟ್ಟರು.

"ಸರಸೂ, ನನ್ನ ಮಾತನ್ನ ನನಗೇ ಹೇಳ್ತೀಯಲ್ಲೇ" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಆ ಜನಜಂಗುಳಿಯಲ್ಲೇ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ನಮ್ಮ ಗಾಡಿ ಬಂತು, ಹೋಯಿತು, ಇವರು ಏಳಲಿಲ್ಲ. ಕೊನೆಗೆ ಸಮಾಧಾನ ಮಾಡಿದ್ದು ಇವರು, ಮಾಡಿಸಿಕೊಂಡದ್ದು ನಾನು. ಡಾಕ್ಟರಮ್ಮನೂ ಖಂಡಿತ ಅಂದಿಲ್ಲವಲ್ಲ, ನನ್ನ ಲೆಕ್ಕವೂ ಎಷ್ಟೋ ಸಲ ತಪ್ಪಿದೆ, ತಪ್ಪಲಿ ದೇವರೇ ಎಂದು ಬೇಡಿಕೊಂಡೇ ಬಂದವರನ್ನು ಕಳಿಸುತ್ತಿದ್ದೆ ಎಂದರು. ಇಷ್ಟು ವರ್ಷ ಜೊತೆಯಲ್ಲಿದ್ದೂ ಅದು ನನಗೆ ತಿಳಿದಿರಲಿಲ್ಲ, ಶಾಮಣ್ಣ. ಈಗ ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೇನೆ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಕ್ಕಳ ತಲೆ ಸವರು. ಎಲ್ಲರೂ ಸುಖವಾಗಿರಿ.

ನಿನ್ನ ಅತ್ತಿಗೆ,
ಸರಸ್ವತಿ

ತಾ.ಕ.: ಮೇ ರಜೆಗೆ ಬರುತ್ತೇನೆಂದು ಬರೆದಿದ್ದೆಯಲ್ಲ, ಅಲ್ಲಿಯವರೆಗೆ ಕಾಯಬೇಡ. ಕವರು ಅಂಟಿಸುವ ಹೊತ್ತಿಗೆ ನಿಮ್ಮಣ್ಣ ಬಂದು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಶಾಮನಿಗೆ ಈಗಲೇ ಬಾ ಅನ್ನು. ಅವನ ಹತ್ತಿರ ಮಾತಾಡೋದು ತುಂಬ ಇದೆ. ನಾಲಿಗೆ ಇರೋವಾಗಲೇ ಆಡಿಬಿಡ್ತೀನಿ."